ಅರ್ಧಕ್ಕೆ ನಿಂತ ಕೆಂಪು ಗೆರೆ

ದನದ ಪೇಟೆಯಲ್ಲಿ ಬಾಯಿಗೆ ಹೆಚ್ಚು ಕೆಲಸವಿಲ್ಲ. ಉದಗೀರದ ಬಜಾರಿಗೆ ಹೊಸದಾಗಿ ಬಂದವರು ಇದನ್ನು ನಂಬುವುದಿಲ್ಲ. ದಲ್ಲಾಳಿ ಎಂದರೆ ಗಂಟಲು ಹರಿದುಕೊಳ್ಳುವವನು ಎಂದು ಅವರ ಲೆಕ್ಕ. ಕೂಗಾಟವೆಲ್ಲ ಮೇಲಿನ ತೋರಿಕೆ. ನಿಜವಾದ ಸೌದಾ ನಡೆಯುವುದು ಒಂದು ಟವೆಲ್ಲಿನ ಕೆಳಗೆ. ಮಾರುವವನ ಕೈ, ಕೊಳ್ಳುವವನ ಕೈ, ಮೇಲೆ ಬಟ್ಟೆ. ಬೆರಳು ಹಿಡಿದರೆ ಒಂದು ಮಾತು, ಒತ್ತಿದರೆ ಇನ್ನೊಂದು, ಅಂಗೈಗೆ ಅಂಗೈ ಕೂಡಿಸಿದರೆ ವ್ಯಾಪಾರ ಮುಗಿಯಿತು. ಸುತ್ತ ಎಷ್ಟೇ ಜನ ನಿಂತಿರಲಿ, ಒಳಗೆ ಏನಾಯಿತೆಂದು ಒಬ್ಬರಿಗೂ ತಿಳಿಯುವುದಿಲ್ಲ. ಇನ್ನೊಂದು ಮಾತು. ಬಟ್ಟೆಯ ಕೆಳಗಿನಿಂದ ಯಾರು ಮೊದಲು ಕೈ ಎಳೆದುಕೊಳ್ಳುತ್ತಾರೋ ಅವರ ಕಡೆ ಏನೋ ಐಬಿದೆ ಎಂದು ತಿಳಿಯಬೇಕು. ನೀವು ದನ ಕೊಳ್ಳುವವರಲ್ಲದಿದ್ದರೂ ಇದನ್ನು ನೆನಪಿನಲ್ಲಿಡಿ. ಮನೆ ಕೊಳ್ಳುವಾಗ, ಬೀಗತನ ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ಈ ವಿದ್ಯೆ ನನಗೆ ಅಪ್ಪನಿಂದ ಬಂತು. ನನಗೊಬ್ಬನಿಗೇ ಅಲ್ಲ, ತಂಗಿಗೂ ಬಂತು. ನಮ್ಮೂರು ದಾಳಿಂಬದ ಮನೆಯ ಪಡಸಾಲೆಯಲ್ಲಿ ಅಪ್ಪ ಅವ್ವನ ಸೆರಗನ್ನೇ ಟವೆಲ್ಲು ಮಾಡಿ ಆಟ ಆಡಿಸುತ್ತಿದ್ದ. ನಾನು ಬೆರಳು ತಡಕುವಷ್ಟರಲ್ಲಿ ತಂಗಿ ಉತ್ತರ ಕೊಟ್ಟು ಮುಗಿಸಿ ನಗುತ್ತಿದ್ದಳು. "ಈಕಿ ಗಂಡ ಹುಟ್ಟಿದ್ದರ ಉದಗೀರ ಬಜಾರ ಪೂರಾ ಈಕಿ ಕೈಯಾಗ ಇರ್ತಿತ್ತು ನೋಡು" ಎಂದು ಅಪ್ಪ ಅವ್ವನಿಗೆ ಹೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಹೆಣ್ಣಾಗಿ ಹುಟ್ಟಿದ್ದರಿಂದ ಅವಳು ಮದುವೆಯಾಗಿ ಸಾಸ್ತೂರಿಗೆ ಹೋದಳು. ಬಜಾರು ನನ್ನ ಪಾಲಿಗೆ ಬಂತು.

ಅಪ್ಪ ಬಿಟ್ಟುಹೋದ ಹೊಲ ಹೆದ್ದಾರಿಗೆ ಮುಖಮಾಡಿಕೊಂಡಿದೆ. ಅದರ ರಸ್ತೆ ಕಡೆಯ ಮೂಲೆಯಲ್ಲಿ ಅವ್ವನ ಗದ್ದಿಗೆ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ, ಕೆಲವರಿಗೆ ಸ್ವಂತ ಹೊಲದಲ್ಲೇ. ಅಪ್ಪನಿಗೆ ಊರ ರುದ್ರಭೂಮಿಯಲ್ಲಿ ಮಣ್ಣಾಯಿತು; ಅವ್ವ ಮಾತ್ರ ಹಟ ಹಿಡಿದು ಆ ಮೂಲೆಯೇ ಬೇಕೆಂದಿದ್ದಳು. ಸಾಸ್ತೂರಿನಿಂದ ಬರುವ ಮಗಳು ಬಸ್ಸಿನಿಂದ ಇಳಿದ ಕೂಡಲೇ ತಾನು ಕಾಣಬೇಕು ಎಂಬುದು ಅವಳ ಆಸೆ. ತಂಗಿಯೂ ಹಾಗೇ ಮಾಡುತ್ತಾಳೆ. ತವರಿಗೆ ಬಂದರೆ ಮೊದಲು ಗದ್ದಿಗೆಗೆ ನೀರು, ಆಮೇಲೆ ನಮ್ಮ ಮನೆಯ ನೀರು.

ಹೋದ ವರ್ಷ ಬೇಸಿಗೆಯಲ್ಲಿ ಸೋಲಾಪುರದ ಒಬ್ಬ ಆಸಾಮಿ ಧಾಬಾ ಹಾಕಲು ಆ ಹೊಲವನ್ನು ಗುತ್ತಿಗೆಗೆ ಕೇಳಿದ. ಎರಡು ಷರತ್ತು ಹಾಕಿದ: ಬೋರು ಕೊರೆಸಿ ನೀರು ತೋರಿಸಬೇಕು, ಹೊಲದ ಕಾಗದದಲ್ಲಿ ತಂಗಿಯ ಹೆಸರು ಇರಬಾರದು.

ಬೋರು ಕೊರೆಯಲು ಬಂದವರು ತಮಿಳರು. ನಮ್ಮ ಕಡೆ ಯಾವ ಹೊಲಕ್ಕೆ ಹೋದರೂ ಬೋರಿನ ಲಾರಿ ಅವರದೇ. ಯಂತ್ರ ಬಿಳಿ ಹುಡಿ ಎಬ್ಬಿಸುತ್ತಾ ನೆಲ ಕೊರೆಯುತ್ತಿದ್ದರೆ ಅವರ ಮೇಸ್ತ್ರಿ ಲಾರಿಯ ಮುಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಮೊಬೈಲು ನೋಡುತ್ತಾ ಕೂತಿದ್ದ. ಐವತ್ತು ದಾಟಿದ, ದಪ್ಪ ಮೀಸೆಯ ಮನುಷ್ಯ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹುಡಿಗೆ ಇರಬೇಕೆಂದು ನಾನು ಒಳಗೆ ಹತ್ತಿ ಕೂತು ನೋಡಿದರೆ, ಕಪ್ಪು-ಬಿಳುಪಿನ ಹಳೇ ಸಿನಿಮಾ.

"ಕ್ಯಾ ಹುವಾ?" ಎಂದೆ.

"ಭಾಯಿ... ಬಹನ್..." ಎಂದು ತನ್ನ ಮುರುಕು ಹಿಂದಿಯಲ್ಲಿ ಶುರುಮಾಡಿ, ಮುಂದೆ ಮಾತು ಸಿಗದೆ ಎದೆ ಮುಟ್ಟಿಕೊಂಡು ತೋರಿಸಿದ. ತನ್ನ ಅವ್ವ, ಅಜ್ಜಿ ಎಲ್ಲ ಇದನ್ನು ನೋಡಿ ಅತ್ತವರೇ ಅಂತೆ. ನಾನೂ ನೋಡಬೇಕೆಂದು ಅವನು ಮೊದಲಿನಿಂದ ಹಚ್ಚಿದ.

ನನಗೆ ತಮಿಳಿನ ಒಂದಕ್ಷರ ಬಾರದು. ಆದರೆ ಭಾಷೆ ಬಾರದ ಕಡೆ ಕೈ ನೋಡಬೇಕು, ಹಾಗೇ ನೋಡಿದೆ. ತಾಯಿ-ತಂದೆ ಇಲ್ಲದ ಅಣ್ಣ-ತಂಗಿ. ಅಣ್ಣ ಮಗ್ಗದವನು. ತಾನು ತಿನ್ನುವ ತುತ್ತನ್ನು ತಂಗಿಯ ತಟ್ಟೆಗೆ ಜರುಗಿಸುವ ಅವನ ಕೈ ನೋಡಬೇಕು ನೀವು, ಎಷ್ಟು ಸಹಜ! ತಂಗಿಯ ಮದುವೆಯ ಸೀರೆಯನ್ನು ತಾನೇ ನೇಯುತ್ತಾನೆ. ಅವಳನ್ನು ಗಂಡನ ಮನೆಗೆ ಕಳಿಸಿ, ಖಾಲಿ ಮಗ್ಗದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಅಲ್ಲಿಗೆ ಅರ್ಧ.

ಇನ್ನರ್ಧದಲ್ಲಿ ಅಣ್ಣನಿಗೆ ಸಿರಿ ಬರುತ್ತದೆ, ದೊಡ್ಡ ಮನೆ, ಹೆಂಡತಿ. ತಂಗಿಯ ಗಂಡ ಹಾಸಿಗೆ ಹಿಡಿಯುತ್ತಾನೆ. ಒಂದು ಸಂಜೆ ಮಳೆಯಲ್ಲಿ ಕೂಸು ಎತ್ತಿಕೊಂಡು ತಂಗಿ ಬಾಗಿಲು ಬಡಿಯುತ್ತಾಳೆ. ಒಳಗೆ ಅಣ್ಣನ ಕೈ ಚಿಲಕದ ಮೇಲಿದೆ. ಹಿಂದೆ ಹೆಂಡತಿ ನಿಂತಿದ್ದಾಳೆ, ಒಂದು ಮಾತೂ ಆಡುವುದಿಲ್ಲ. ಚಿಲಕದ ಮೇಲಿನ ಅವನ ಬೆರಳುಗಳು ಒಂದೊಂದಾಗಿ ಸಡಿಲಾಗುತ್ತವೆ, ಕೈ ಕೆಳಗೆ ಬೀಳುತ್ತದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಹೊಸ್ತಿಲಾಚೆ ಅವನೇ ನೇಯ್ದ ಸೀರೆ ಮಡಿಚಿಟ್ಟಿದೆ. ತಂಗಿ ಎಲ್ಲಿ ಹೋದಳೆಂದು ಊರ ಕೆರೆ ಹೇಳುತ್ತದೆ. ಕೊನೆಗೆ ಅಣ್ಣ ನೂಲಿಲ್ಲದ ಮಗ್ಗದ ಮುಂದೆ ಕೂತು ನೇಯುತ್ತಲೇ ಇರುತ್ತಾನೆ.

ಮೇಸ್ತ್ರಿ ಅಳುತ್ತಿದ್ದ. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಳುವಾಗಲೂ ದಲ್ಲಾಳಿಯ ತಲೆ ನಿಲ್ಲುವುದಿಲ್ಲ. ಈ ಸಿನಿಮಾದ ಮೊದಲಿನರ್ಧ ನೋಡಿದ ಯಾವ ತಂಗಿಯಾದರೂ ಅಣ್ಣನಿಗೆ ಇಲ್ಲ ಅನ್ನುವಳೇ ಎಂದು ಅದು ಆಗಲೇ ಕೇಳುತ್ತಿತ್ತು. ಅಷ್ಟರಲ್ಲಿ ಹೊರಗೆ ನೀರು ಬಂತೆಂದು ಕೂಗಿದರು.

ತಂಗಿಯಿಂದ ಬರೆಸಿಕೊಳ್ಳಬೇಕಾದ ಕಾಗದಕ್ಕೆ ನಮ್ಮಲ್ಲಿ ಹಕ್ಕಸೋಡ ಎನ್ನುತ್ತಾರೆ. ಅರ್ಧ ನಮ್ಮ ಮಾತು, ಅರ್ಧ ಮರಾಠಿ. ಹಕ್ಕು ಬಿಟ್ಟೆ ಎಂದು ಹೆಣ್ಣುಮಗಳು ಸಹಿ ಮಾಡಬೇಕು. ಅಣ್ಣ ಸೀರೆ, ಕುಪ್ಪಸದ ಬಟ್ಟೆ ಕೊಟ್ಟು ಕೈತುಂಬ ಬಳೆ ಇಡಿಸಬೇಕು. ಬೇಡ ಅನ್ನಲು ಕಾಯಿದೆಯಲ್ಲಿ ಅಡ್ಡಿಯಿಲ್ಲ. ಅಂದವಳಿಗೆ ಹೊಲದ ಪಾಲು ಸಿಗುತ್ತದೆ, ನಾಗರಪಂಚಮಿಗೆ ತವರಿಗೆ ಕರೆಯಲು ಬರುವವರು ಸಿಗುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದೂ ಟವೆಲ್ಲಿನ ಕೆಳಗಿನ ಮಾತೇ.

ನಿಲಂಗಾ ಕೋರ್ಟಿನಲ್ಲಿ ನನ್ನ ಪರಿಚಯದ ವಕೀಲರೊಬ್ಬರಿದ್ದಾರೆ. "ಪಂಚಮೀಗಿ ಕರಕೊಂಡ ಬರ್ರಿ, ಹಬ್ಬದ ಮರುದಿನ ಕಾಗದ ಮಾಡಿ ಮುಗಸ್ರಿ. ಹೆಣ್ಮಕ್ಕಳ ಮನಸ ಹಬ್ಬದಾಗ ಮೆತ್ತಗ ಇರ್ತದ" ಎಂದರು. ವಕೀಲರ ಸಲಹೆ ಸರಿಯಾಗಿಯೇ ಇತ್ತು. ಸರಿಯಾದ ಸಲಹೆಯ ತೊಂದರೆಯೇ ಅದು, ನಿಲ್ಲಿಸಲು ನೆಪ ಸಿಗುವುದಿಲ್ಲ.

ಪಂಚಮಿಗೆ ನಾನೇ ಜೀಪು ತೆಗೆದುಕೊಂಡು ಸಾಸ್ತೂರಿಗೆ ಹೋದೆ. ಪ್ರತಿ ವರ್ಷ ಬಸ್ಸಿನಲ್ಲಿ ಬರುವ ತಂಗಿ ಜೀಪು ನೋಡಿ ನಕ್ಕಳು. "ಏನಪಾ ಅಣ್ಣಾ, ಈ ಸಲ ಬಜಾರದಾಗ ನನ್ನ ಭಾವ ಏರ್ಯದ ಅನಸ್ತದ!"

ಈಗ ನಾವಿರುವ ಉಮರಗಾದ ಮನೆಯಲ್ಲಿ ಹೆಂಡತಿ ಉಂಡಿ ಕಟ್ಟಿದಳು, ಜೋಕಾಲಿ ಹಾಕಿದೆವು. ಅತ್ತಿಗೆ-ನಾದಿನಿ ನಕ್ಕಾಡಿದರು. ಹಬ್ಬದ ಮಧ್ಯಾಹ್ನ ಊಟವಾದ ಮೇಲೆ ನಾನು ಮೊಬೈಲನ್ನು ದೊಡ್ಡ ಟಿ.ವಿ.ಗೆ ಜೋಡಿಸಿ, ಮೇಸ್ತ್ರಿಯಿಂದ ಆಗಲೇ ಕಳಿಸಿಕೊಂಡಿದ್ದ ಆ ಸಿನಿಮಾ ಹಚ್ಚಿದೆ.

"ಇದ್ಯಾವ ಭಾಷಾ? ಡಬ್ಬ್ಯಾಗ ಕಲ್ಲ ಹಾಕಿ ಅಳ್ಳಾಡಿಸಿದಂಗ ಮಾತಾಡ್ತಾರಲ್ಲ!" ಎಂದಳು ಹೆಂಡತಿ.

"ನೀ ಸುಮ್ನ ಕೂಡ ವೈನಿ," ಎಂದಳು ತಂಗಿ. "ಕೈ ನೋಡು. ಕೈ ನೋಡಿದ್ರ ಎಲ್ಲಾ ತಿಳೀತದ."

ಅಪ್ಪನ ಮಗಳು. ನಾನು ಹೇಳಿಕೊಡಬೇಕಾದ್ದೇನೂ ಇರಲಿಲ್ಲ. ತುತ್ತು ಜರುಗಿಸುವಾಗ ಅವಳು ಮೂಗು ಒರೆಸಿಕೊಂಡಳು. ಸೀರೆ ನೇಯುವಾಗ ನನ್ನ ಮೊಣಕಾಲಿನ ಮೇಲೆ ಒಂದು ಏಟು ಹಾಕಿ, "ನೋಡು, ಅಣ್ಣ ಅಂದ್ರ ಹಿಂಗ ಇರಬೇಕು, ನೀ ನನ್ನ ಮದ್ವ್ಯಾಗ ಹೂರಣ ಕದ್ದು ತಿಂದು ಮಲಗಿದ್ದಿ" ಎಂದಳು. ಮೂವರೂ ನಕ್ಕೆವು. ಖಾಲಿ ಮಗ್ಗದ ಮೇಲೆ ಕೈಯಿಟ್ಟು ಅಣ್ಣ ನಿಂತ ಹೊತ್ತಿಗೆ ನಾನು ಹೆಬ್ಬೆರಳಿನಿಂದ ಮೊಬೈಲು ಒತ್ತಿ ನಿಲ್ಲಿಸಿದೆ, ಟಿ.ವಿ. ಆರಿಸಿದೆ.

"ಮುಗೀತೇನು?"

"ಮುಗೀತು."

"ಬಾಳ ಚಲೋ ಇತ್ತು," ಎಂದು ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದಿಷ್ಟು ಹೊತ್ತು ಆರಿದ ಟಿ.ವಿ.ಯನ್ನೇ ನೋಡುತ್ತಾ ಕೂತಳು. ಕಾಗದದ ಮಾತನ್ನು ನಾನು ಆಗಲೇ ತೆಗೆದೆ. ಅವಳು ಇಲ್ಲ ಅನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. "ನಾಳಿ ಹೋಗಾಮು ನಡಿ," ಎಂದಳು, ದವಾಖಾನೆಗೆ ಹೋಗೋಣ ಅಂದ ಹಾಗೆ.

ಮರುದಿನ ಉಮರಗಾದ ರಿಜಿಸ್ಟ್ರಿ ಆಫೀಸಿನ ಬೆಂಚಿನ ಮೇಲೆ ನಮ್ಮ ಸರದಿಗಾಗಿ ಕೂತಿದ್ದೆವು. ಸಾಕ್ಷಿದಾರರು ಚಹಾಕ್ಕೆ ಹೋಗಿದ್ದರು. ತಂಗಿ ತನ್ನ ಸೆರಗನ್ನು ನನ್ನ ಬಲಗೈ ಮೇಲೆ ಹಾಕಿದಳು. ಬಟ್ಟೆಯ ಕೆಳಗೆ ಅವಳ ಕೈ ಬಂತು. ನನ್ನ ಅಂಗೈಯಲ್ಲಿ ತೋರುಬೆರಳು ಒತ್ತಿದಳು. ಒಂದು. ಬಿಟ್ಟು, ಮತ್ತೆ ಅದೇ ಬೆರಳನ್ನು ಅಂಗೈಯ ಮಧ್ಯದಲ್ಲಲ್ಲ, ಕಿರುಬೆರಳಿನ ಕೆಳಗಿನ ಮೂಲೆಯಲ್ಲಿ ಒತ್ತಿ ಹಿಡಿದಳು.

ನನಗೆ ತಿಳಿಯಲಿಲ್ಲ ಎಂದು ಯಾರ ಮುಂದಾದರೂ ಹೇಳಬಹುದು. ಇಲ್ಲಿ ಹೇಳಲಾರೆ. ಒಂದು, ಮೂಲೆ. ಆ ಒಂದು ಮೂಲೆ ನನಗೆ ಬಿಡು. ಅಷ್ಟೇ ಕೇಳಿದಳು. ಪಾಲಿನ ಹೊಲ ಪೂರಾ ಬಿಟ್ಟುಕೊಡಲು ಬಂದವಳು ಅವ್ವ ಕೂತಿರುವ ಮೂಲೆಯನ್ನು ಕೇಳಿದಳು, ಅದೂ ಬಾಯಿಬಿಟ್ಟು ಕೇಳಿದರೆ ಅಣ್ಣನ ಮುಖ ಕೆಡುತ್ತದೆಂದು ಸೆರಗಿನ ಕೆಳಗೆ ಕೇಳಿದಳು. ಧಾಬಾದ ಗೇಟು ಬರಬೇಕಾದದ್ದು ಆ ಮೂಲೆಯಲ್ಲೇ. ಆಸಾಮಿಗೆ ಬೇಕಿದ್ದದ್ದೂ ಅದೇ.

"ಒಂದ ಸೀರಿ ಯಾಕವಾ?" ಎಂದೆ ನಾನು, ಪಕ್ಕದವರಿಗೂ ಕೇಳುವಂತೆ ನಗುತ್ತಾ. "ಎರಡ ತಗೊ!" ಎಂದು ಕೈ ಎಳೆದುಕೊಂಡೆ.

ತಂಗಿ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಸೆರಗನ್ನು ಭುಜದ ಮೇಲೆ ಹಾಕಿಕೊಂಡಳು. ಹೆಸರು ಕೂಗಿದಾಗ ಎದ್ದು ಹೋಗಿ ಫೋಟೋಕ್ಕೆ ಮುಖ ಕೊಟ್ಟಳು, ಹೆಬ್ಬೆರಳು ಕೊಟ್ಟಳು, ಸಹಿಯನ್ನೂ ಮಾಡಿದಳು. ಸ್ವಂತ ಒಪ್ಪಿಗೆಯಿಂದ ಮಾಡುತ್ತಿದ್ದೀರಾ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದಾಗ, "ಹೋ, ಭಾವಾಚ್ ಆಹೇ ನಾ," ಎಂದಳು. ಹೌದು, ಅಣ್ಣನೇ ಅಲ್ಲವೇ.

ಸೀರೆ ಎರಡು ಕೊಡಿಸಿದೆ. ಇರುವುದರಲ್ಲೇ ಒಳ್ಳೆಯವು. ಬಳೆಗಾರನ ಹತ್ತಿರ ಚೌಕಾಸಿ ಕೂಡ ಮಾಡಲಿಲ್ಲ. ಅದರಿಂದಲೇ ಹೆಂಡತಿಗೆ ಏನೋ ವಾಸನೆ ಬಡಿಯಿತು.

ಸಂಜೆ ಸಾಸ್ತೂರಿಗೆ ಬಿಡಲು ಹೋದೆ. ಭೂಕಂಪದ ನಂತರ ಕಟ್ಟಿದ ಆ ಊರಿನ ಓಣಿಗಳು ಗೆರೆ ಎಳೆದಂತೆ ನೇರ. ಮನೆಯ ಮುಂದೆ ಜೀಪಿನಿಂದ ಇಳಿದು, ಸೀರೆಯ ಚೀಲ ತೆಗೆದುಕೊಂಡು, ಬಾಗಿಲು ಹಾಕುವ ಮೊದಲು ತಂಗಿ ಹೇಳಿದಳು:

"ಅಣ್ಣಾ, ಆ ಸಿನಿಮಾ ಮುಗೀಲಿಲ್ಲಲ್ಲ?"

"ಯಾಕ? ಮುಗೀತಲ್ಲ."

"ನೀ ನಿಲ್ಲಿಸಿದಾಗ ಕೆಳಗ ಕೆಂಪು ಗೆರಿ ಬಂತು. ಅರ್ಧಕ್ಕ ನಿಂತಿತ್ತು. ನಮ್ಮ ಮೊಮ್ಮಗ ಕಾರ್ಟೂನ ನೋಡ್ತಾನ, ನನಗ ಗೊತ್ತದ. ಗೆರಿ ಆ ತುದಿಗಿ ಮುಟ್ಟಿದ್ರ ಮುಗದಂಗ." ಚೀಲ ಕಂಕುಳಿಗೆ ಸೇರಿಸಿ, "ಇರ್ಲಿ. ಸಾವಕಾಶ ಹೋಗು," ಎಂದಳು.

ಯಾವ ಗೆರೆಯನ್ನು ನಾನು ಗಮನಿಸಿಯೇ ಇರಲಿಲ್ಲವೋ ಅದನ್ನು ನೋಡಿಕೊಂಡೇ ಅವಳು ರಿಜಿಸ್ಟ್ರಿಗೆ ಬಂದಿದ್ದಳು. ಗೊತ್ತಿದ್ದೂ ಸಹಿ ಮಾಡಿದ್ದಳು. ನಾನು ಗೆದ್ದೆ ಅಂದುಕೊಂಡ ಸೌದಾ ಅಲ್ಲ ಅದು. ಅವಳು ಕಣ್ಣು ತೆರೆದೇ ಸೋತ ಸೌದಾ. ಸೋಲಿಸಿದವರ ಲೆಕ್ಕಕ್ಕಿಂತ ಬೇಕೆಂದೇ ಸೋತವರ ಲೆಕ್ಕ ಚುಕ್ತಾ ಮಾಡುವುದು ಕಷ್ಟ.

ಅದರ ಮುಂದಿನ ವಾರ ಉದಗೀರಕ್ಕೆ ಹೋದೆ. ಒಂದು ಜೋಡಿ ದೇವಣಿ ಹೋರಿ, ಕಪ್ಪು ಮಚ್ಚೆಯವು, ನೋಡಿದ ಕೂಡಲೇ ಮನಸ್ಸಿಗೆ ಬರುವಂಥವು. ಮಾರುವವನು ಮುದುಕ. ಟವೆಲ್ಲು ಹಾಕಿ ಕೈ ಕೊಟ್ಟೆವು. ಅವನು ತೋರುಬೆರಳು ಒತ್ತಿದ. ವ್ಯಾಪಾರದ ಸಹಜ ಒತ್ತು. ನಾನು ಮಾತ್ರ ಕೈ ಎಳೆದುಕೊಂಡುಬಿಟ್ಟೆ.

ಮುದುಕ ನಕ್ಕ. "ಏನ್ ಸಾವ್ಕಾರ, ಐಬ ನನ್ನ ಹೋರೀಗಿಲ್ಲ, ನಿಮ್ಮ ಕೈಗಿ ಅದ ಏನು?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹೋರಿ ಬೇರೆಯವರ ಪಾಲಾಯಿತು.

ಹಿಂದಿರುಗುವಾಗ ನಿಲಂಗಾ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಆ ಸಿನಿಮಾ ತೆಗೆದೆ. ನಿಲ್ಲಿಸಿದ ಜಾಗದಲ್ಲೇ ತೆರೆಯಿತು. ಕೆಳಗೆ ಕೆಂಪು ಗೆರೆ ಅರ್ಧಕ್ಕೆ ನಿಂತಿತ್ತು. ಉಳಿದದ್ದನ್ನು ಒಬ್ಬನೇ ನೋಡಿದೆ. ಬೇಸಿಗೆಯಲ್ಲಿ ಲಾರಿಯಲ್ಲಿ ಕೂತು ನೋಡಿದಾಗ ಚಿಲಕದ ದೃಶ್ಯದಲ್ಲಿ ತಪ್ಪೆಲ್ಲ ಹಿಂದೆ ನಿಂತ ಹೆಂಡತಿಯದು ಅನಿಸಿತ್ತು. ಈ ಸಲ ಹಾಗೆ ಅನಿಸಲಿಲ್ಲ. ಅವಳು ಅವನ ಕೈ ಹಿಡಿದಿರಲಿಲ್ಲ. ಚಿಲಕದ ಮೇಲೆ ಇದ್ದದ್ದು ಅವನದೊಂದೇ ಕೈ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹುಣಸೆಹಣ್ಣು ಬಿಡಿಸುತ್ತಿದ್ದಳು. "ಏನ್ರೀ," ಎಂದಳು, "ಊರ ಮಂದಿಗೆಲ್ಲ ಬುದ್ಧಿ ಹೇಳ್ತಿರಿ, ನಿಮಗ ಯಾರ ಹೇಳಬೇಕು? ಆ ಮೂಲೀಗಿ ನಾನೂ ವರ್ಷಾ ನೀರ ಹಾಕ್ತಾ. ನನ್ನ ಕೇಳೀರೇನು?"

ಕೇಳಿರಲಿಲ್ಲ.

ಧಾಬಾದ ಆಸಾಮಿಯನ್ನು ದಾಳಿಂಬಕ್ಕೆ ಕರೆಸಿದೆ. ಗದ್ದಿಗೆಯ ಮೂಲೆ ಬಿಟ್ಟು ಗೇಟನ್ನು ಬೋರಿನ ಕಡೆ ಇಟ್ಟುಕೊಳ್ಳಿ ಎಂದೆ. "ಮೂಲೀನ ಬೇಕಂತ ತಗೊಂಡೀನ್ರಿ, ಅದನ್ನ ಬಿಟ್ರ ಏನ ಉಳೀತು?" ಎಂದ ಅವನು. ಇಷ್ಟು ವರ್ಷದಲ್ಲಿ ನಾನು ನನ್ನ ವಿರುದ್ಧವೇ ಚೌಕಾಸಿ ಮಾಡಿದ್ದು ಅದೊಂದೇ ಸಲ. ಅವನು ಹಿಡಿದಲ್ಲೆಲ್ಲ ಬಿಟ್ಟುಕೊಟ್ಟೆ. ಕೊನೆಗೆ ಒಪ್ಪಿದ. ಮೂಲೆಗೆ ಕಲ್ಲಿನ ಗಿಡ್ಡ ಗೋಡೆ ಕಟ್ಟಿಸಿದೆ, ರಸ್ತೆ ಕಡೆ ಮಾತ್ರ ತೆರವು ಬಿಟ್ಟು, ಬಸ್ಸಿನಿಂದ ಇಳಿದವರಿಗೆ ಕಾಣುವ ಹಾಗೆ. ಇಂಥ ಕೆಲಸ ಮಾಡಿದ ಮೇಲೆ ಮನಸ್ಸು ಹಗುರಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಗೋಡೆ ಕಟ್ಟಿದ್ದು ಗೌಂಡಿ, ಜಾಗ ಇನ್ನೂ ನನ್ನ ಹೆಸರಿನಲ್ಲೇ ಇತ್ತು.

ಆದ್ದರಿಂದ ಸಂಕ್ರಾಂತಿಯ ಎಳ್ಳು-ಬೆಲ್ಲ ಕಟ್ಟಿಕೊಂಡು ಸಾಸ್ತೂರಿಗೆ ಹೋದೆ. ತಂಗಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಪಕ್ಕಕ್ಕಿಟ್ಟು ಚಾಪೆ ಹಾಸಿದಳು. ಆ ಕಡೆ ಈ ಕಡೆಯ ಮಾತಾಯಿತು. ಪಂಚಮಿಯ ನಂತರ ಒಮ್ಮೆಯೂ ಅವಳು ದಾಳಿಂಬಕ್ಕೆ ಬಂದಿರಲಿಲ್ಲ, ಗೋಡೆ ನೋಡಿರಲಿಲ್ಲ. ಕೊನೆಗೆ ಮೊಬೈಲು ತೆಗೆದು, "ಆ ಸಿನಿಮಾದ್ದು ಉಳದದ್ದ ತೋರಸ್ತಾ," ಎಂದೆ.

"ಬ್ಯಾಡಪಾ," ಎಂದಳು.

"ಯಾಕ?"

"ಹಿಂದಿನರ್ಧ ಚಲೋ ಇದ್ದಿದ್ರ ನೀ ನಿಲ್ಲಸ್ತಿದ್ದೇನು? ನನಗ ಮೊದಲಿಂದ ಅರ್ಧ ಸಾಕು. ಅದರಾಗ ಅಣ್ಣ ಚಲೋ ಇದ್ದಾನ."

ನಾನು ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ತೊಡೆಯ ಮೇಲೆ ಹಾಸಿ, ಕೆಳಗೆ ಬಲಗೈ ಇಟ್ಟೆ. ತಂಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕೈಗೆ ಅಂಟಿದ್ದ ಹೊಟ್ಟನ್ನು ಸೀರೆಗೆ ಒರೆಸಿಕೊಂಡು ತನ್ನ ಕೈಯನ್ನು ಒಳಗೆ ತಂದಳು. ಅವಳ ಅಂಗೈ ನನ್ನದಕ್ಕಿಂತ ಒರಟಾಗಿತ್ತು. ತೋರುಬೆರಳು ಒತ್ತಿದೆ. ಒಂದು. ಬಿಟ್ಟು, ಕಿರುಬೆರಳಿನ ಕೆಳಗಿನ ಮೂಲೆಯಲ್ಲಿ ಒತ್ತಿ ಹಿಡಿದೆ. ಬಕ್ಷೀಸಪತ್ರ ಮಾಡಿ ಆ ಮೂಲೆಯನ್ನು ನಿನ್ನ ಹೆಸರಿಗೆ ಬರೆದುಕೊಡುತ್ತೇನೆ ಎಂದು ಹೇಳಲು ಬೆರಳುಗಳಲ್ಲಿ ಗುರುತಿಲ್ಲ. ಇದ್ದಷ್ಟು ಹೇಳಿದೆ.

ತಂಗಿಯ ಮುಖದಲ್ಲಿ ಏನೂ ಕಾಣಲಿಲ್ಲ. ಅಪ್ಪ ಹೇಳಿದ್ದು ಖರೆ, ಬಜಾರು ಅವಳ ಕೈಯಲ್ಲಿರಬೇಕಿತ್ತು.

"ಏನಿದು?" ಎಂದಳು, ಓಣಿಯ ಆಚೆಗೂ ಕೇಳುವಂತೆ. "ಒಂದ ಸೀರಿ ಏನು?"

ನಾನು ತಲೆ ತಗ್ಗಿಸಿದೆ. ನಗು ಬರಲಿಲ್ಲ. ಕಣ್ಣು ತುಂಬಿದ್ದು ಅವಳಿಗೆ ಕಾಣಬಾರದಿತ್ತು, ಕಂಡಿತು. ಬೆರಳನ್ನು ಅದೇ ಮೂಲೆಯಲ್ಲಿ ಹಾಗೇ ಹಿಡಿದಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ಹೊರಗೆ ಹೋಯಿತು. ಅಂಗೈ ಕೂಡಿಸಲಿಲ್ಲ, ಬೇಡವೆಂದು ತಳ್ಳಲೂ ಇಲ್ಲ, ಬರೀ ಎತ್ತಿಕೊಂಡಳು. "ಚಾ ಮಾಡ್ತಾ, ಕೂಡು," ಎಂದು ಒಳಗೆ ಹೋದಳು.

ಮೊದಲು ಕೈ ತೆಗೆದವಳು ಅವಳು. ಐಬು ಇದ್ದದ್ದು ಅವಳ ಕಡೆ ಅಲ್ಲ. ಪೇಟೆಯ ನಿಯಮ ಆ ಅಂಗಳದಲ್ಲಿ ನಡೆಯಲಿಲ್ಲ. ನನ್ನ ಕೈಯನ್ನು ನಾನು ತೆಗೆಯಲಿಲ್ಲ. ಒಳಗೆ ಸ್ಟೋವಿನ ಸದ್ದು, ಶುಂಠಿ ಜಜ್ಜುವ ಸದ್ದು. ಓಣಿಯಲ್ಲಿ ಹೋಗುವ ಒಬ್ಬರು, "ಏನ್ರಿ, ಹೋರಿ ತಂದೀರೇನು?" ಎಂದು ಟವೆಲ್ಲು ನೋಡಿ ಚೇಷ್ಟೆ ಮಾಡಿ ಹೋದರು.

ತಂಗಿ ಕಪ್ಪು-ಬಸಿ ಹಿಡಿದು ಬಂದಳು. ಬಲಗೈ ಇನ್ನೂ ಟವೆಲ್ಲಿನ ಕೆಳಗೇ ಇರುವುದನ್ನು ನೋಡಿ ಒಂದು ಗಳಿಗೆ ನಿಂತಳು. ಬಾಗಿ, ಚಹಾವನ್ನು ನನ್ನ ಎಡಗೈಗೆ ಕೊಟ್ಟಳು.